ಅಟ್ಟದ ಮೇಲಿನ ತುಪ್ಪ, ಗಡ್ಡದ ಮೇಲಿನ ಬಾಮ್

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರೂ ತಾಲೂಕುಗಳ ಸಮಸ್ತ ಗಡ್ಡಧಾರಿ ತಮ್ಮಂದಿರಿಗೆ, ಅದರಲ್ಲೂ ಮುಖ್ಯವಾಗಿ ನಮ್ಮ ಅಡುಗೆಮನೆಯನ್ನು ವಶಪಡಿಸಿಕೊಂಡಿರುವ ನನ್ನ ಸೋದರಳಿಯನಿಗೆ, ಹೊನ್ನಾವರದ ಮಾವನ ಆಶೀರ್ವಾದಗಳು.

ಇತ್ತ ಎಲ್ಲ ಕ್ಷೇಮ. ಅತ್ತ ನಿಮ್ಮ ಗಡ್ಡಗಳೂ ಸೊಂಪಾಗಿ, ಸಿಕ್ಕಿಲ್ಲದೆ, ಘಮಘಮಿಸುತ್ತ ಇವೆಯೆಂದು ನಂಬಿದ್ದೇನೆ. ಬರೆಯಲು ಕಾರಣವೇನೆಂದರೆ, ನಮ್ಮ ಮನೆಯ ಹಾಲು ಕಾಯಿಸುವ ಪಾತ್ರೆ ತಿಂಗಳು ಕಳೆದರೂ ಲವಂಗದ ವಾಸನೆ ಬಿಟ್ಟಿಲ್ಲ. ಚಹಾ ಕುಡಿದ ನೆಂಟರು, ಮನೆಯಲ್ಲಿ ಯಾರಿಗೆ ಹಲ್ಲುನೋವು ಎಂದು ವಿಚಾರಿಸಿಕೊಂಡು ಹೋಗುತ್ತಿದ್ದಾರೆ.

ಬೆಂಗಳೂರಿನ ಕಂಪನಿಗೆ ನಮ್ಮ ಜಗುಲಿಯಿಂದಲೇ ದುಡಿಯುವ ಅಳಿಯ ಒಂದು ಭಾನುವಾರ, ದೋಸೆ ಮುಗಿದ ಮೇಲೆ, ಒಲೆಯ ಮೇಲೆ ನೀರಿನ ಪಾತ್ರೆ ಇಟ್ಟು, ಅದರೊಳಗೆ ಹಾಲಿನ ಪಾತ್ರೆ ಇಳಿಸಿ, ಏನನ್ನೋ ಕಲಕತೊಡಗಿದ. ಎಂಬತ್ತು ದಾಟಿದ ನಮ್ಮ ಆಯಿ ಬಾಗಿಲಿಗೆ ಒರಗಿ, "ಎಂತದಾ ತಮಾ ಅದು?" ಎಂದಳು. "ಬಾಮ್, ಅಮ್ಮಮ್ಮ" ಎಂದ. ಆಯಿ ಮರುಮಾತಾಡದೆ ಒಳಗೆ ಹೋಗಿ ಅಮೃತಾಂಜನದ ಬಾಟಲಿ ತಂದು ಅವನ ಕೈಗಿಟ್ಟಳು. ತಪ್ಪು ಅವಳದ್ದಲ್ಲ. 1893ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಆ ಹಳದಿ ಮುಲಾಮು ಬಾಮ್ ಎಂಬ ಶಬ್ದವನ್ನೇ ಗುತ್ತಿಗೆ ಹಿಡಿದಿದೆ. ಹಣೆ, ಸೊಂಟ, ಮೊಣಕಾಲು ಅದರ ಸರಹದ್ದು. ಗಡ್ಡ ಎಂಬ ಹೊಸ ತಾಲೂಕು ರಚನೆಯಾದ ಸುದ್ದಿ ಆಯಿಗೆ ಮುಟ್ಟಿರಲಿಲ್ಲ.

ಅಳಿಯ ಸಾವಧಾನವಾಗಿ ವಿವರಿಸಿದ. ಅಂಗಡಿಯ ಬಾಮಿನಲ್ಲಿ ಕೆಮಿಕಲ್ ಇರುತ್ತದಂತೆ, ಆದ್ದರಿಂದ ಇದು ಮನೆಯಲ್ಲೇ ಮಾಡಿದ್ದು. ನಾನು ಕಟ್ಟೆಯ ಮೇಲಿದ್ದ ಸಾಮಾನುಗಳನ್ನು ಒಂದೊಂದಾಗಿ ಎತ್ತಿ ನೋಡಿದೆ. ಶಿಯಾ ಬೆಣ್ಣೆ ಪಶ್ಚಿಮ ಆಫ್ರಿಕದ್ದು. ಅರ್ಗಾನ್ ಎಣ್ಣೆ ಮೊರಾಕ್ಕೊದ್ದು. ಹೊಹೋಬಾ ಎಣ್ಣೆಯ ಗಿಡದ ತವರು ಮೆಕ್ಸಿಕೊ ಕಡೆಯ ಮರುಭೂಮಿ. ಸಾಬೂದಾಣಿಯಂತೆ ಬಿಳಿಬಿಳಿಯಾಗಿದ್ದ ಜೇನುಮೇಣದ ಹರಳು ಯಾವ ದೇಶದ ಹುಳದ್ದೋ, ಚೀಟಿಯಲ್ಲಿ ಇರಲಿಲ್ಲ. ಮನೆಯದು ಎನ್ನಬಹುದಾದದ್ದು ಗ್ಯಾಸ್ ಒಂದೇ. ಅದೂ ಬಹುಪಾಲು ಕೊಲ್ಲಿ ದೇಶಗಳಿಂದ ಹಡಗಿನಲ್ಲಿ ಬರುವಂಥದ್ದು. ಇಷ್ಟನ್ನೂ ಸೇರಿಸಿ ಹತ್ತು ನಿಮಿಷ ಕರಗಿಸಿ, ಡಬ್ಬಿಗೆ ಹೊಯ್ದು, ಮೇಲೆ 'ಹೋಮ್‌ಮೇಡ್' ಎಂಬ ಚೀಟಿ ಅಂಟಿಸಿದ. ಹೀಗೆ ನೋಡಿದರೆ ಪ್ಯಾಕೆಟ್ ಹಾಲು ಕಾಯಿಸುವ ನಾನು ಇಷ್ಟು ವರ್ಷ ಹೈನುಗಾರಿಕೆ ಮಾಡುತ್ತಿದ್ದೇನೆಂದಾಯಿತು.

ಆದರೆ ಈ ಚಮತ್ಕಾರ ನಮ್ಮ ಕರಾವಳಿಗೆ ಹೊಸದೇನಲ್ಲ. 1860ರ ದಶಕದಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ, ಇಂಗ್ಲೆಂಡಿನ ಗಿರಣಿಗಳ ಕಣ್ಣು ಈ ಕಡೆ ಹೊರಳಿತು. 'ಕುಮಟಾ ಹತ್ತಿ' ಎಂಬ ಹೆಸರು ಸಮುದ್ರದಾಚೆ ಓಡಾಡಿತು. ಆ ಹತ್ತಿ ಬೆಳೆದದ್ದು ಧಾರವಾಡ, ಹುಬ್ಬಳ್ಳಿಯ ಎರೆಮಣ್ಣಿನಲ್ಲಿ. ಘಟ್ಟ ಇಳಿದು ಬಂದು ನಮ್ಮ ಬಂದರಿನಲ್ಲಿ ಹಡಗು ಹತ್ತಿದ್ದಷ್ಟೇ ಅದಕ್ಕೂ ಕುಮಟೆಗೂ ಇದ್ದ ಸಂಬಂಧ. ಹೆಸರು ಮಾತ್ರ ಕುಮಟೆಯದ್ದು, ಬೆವರು ಬಯಲುಸೀಮೆಯದ್ದು. ಆ ಲೆಕ್ಕದಲ್ಲಿ ನಿಮ್ಮ ಡಬ್ಬಿಗೂ ಒಂದು ಪರಂಪರೆ ಇದೆ, ಧೈರ್ಯವಾಗಿರಿ.

ಮೊದಲ ಬಾಮಿನ ಕಥೆಯನ್ನು ಬೇಗ ಮುಗಿಸುತ್ತೇನೆ. ಶಿಯಾ ಬೆಣ್ಣೆ ನಿಧಾನವಾಗಿ ತಣಿದು ಹರಳುಗಟ್ಟಿತು. ತುಪ್ಪ ಹರಳುಗಟ್ಟಿದರೆ ಕಾಯಿಸಿದವಳನ್ನು ಹೊಗಳುತ್ತೇವೆ. ಬಾಮ್ ಹರಳುಗಟ್ಟಿದರೆ ಗಡ್ಡದಲ್ಲಿ ರವೆ ಸಿಕ್ಕಿಕೊಂಡಂತೆ ಕಾಣುತ್ತದೆ. ಅಳಿಯನ ಮೀಟಿಂಗಿನಲ್ಲಿ ಯಾರೋ, ಉಪ್ಪಿಟ್ಟು ತಿಂದ್ರಾ ಎಂದು ಕೇಳಿದರಂತೆ. ಲವಂಗದ ಎಣ್ಣೆ ನಾಲ್ಕು ಹನಿ ಸಾಕಾಗಿದ್ದಲ್ಲಿ ಮುಕ್ಕಾಲು ಚಮಚ ಬಿದ್ದು, ಗಲ್ಲ ಮೂರು ದಿನ ಮಂಗನ ಹಿಂಬದಿಯ ಬಣ್ಣಕ್ಕೆ ತಿರುಗಿತ್ತು.

ಎರಡನೇ ಪ್ರಯೋಗದಲ್ಲಿ ಭಟ್ಕಳ ಮಲ್ಲಿಗೆ ಬಂತು. ಎರಡು ಮೊಳ ಮಲ್ಲಿಗೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಹಾಕಿ ಕುದಿಸಿದ. ಮಲ್ಲಿಗೆ ಎಂಬುದು ಬೆಂಕಿಗೆ ಬಗ್ಗುವ ಹೂವಲ್ಲ, ಕಾವು ತಾಗಿದರೆ ಅದರ ಪರಿಮಳ ಕೆಡುತ್ತದೆ. ಹಳೆಯ ಕಾಲದವರು ಎಳ್ಳಿನ ಪದರ, ಹೂವಿನ ಪದರ ಹೀಗೆ ಒಂದರ ಮೇಲೊಂದು ಹರಡಿ, ಹೂವು ಬಾಡಿದಂತೆ ಬದಲಿಸುತ್ತ, ಎಳ್ಳಿಗೇ ಪರಿಮಳ ಕುಡಿಸಿ, ಆಮೇಲೆ ಗಾಣಕ್ಕೆ ಹಾಕುತ್ತಿದ್ದರು. ನಮ್ಮ ಮನೆಯಲ್ಲಿ ಅವತ್ತು ಎದ್ದದ್ದು ಹಬ್ಬದ ಮರುದಿನ ದೇವರ ಕೋಣೆ ಗುಡಿಸುವಾಗ ಬರುವ ವಾಸನೆ. ಮೂರನೆಯ ಬಾರಿಗೆ ಹಿತ್ತಿಲಿನ ಲೋಳೆಸರವನ್ನು ಕೆರೆದು ಹಾಕಿದ. ಎಣ್ಣೆ, ಮೇಣದ ಬಾಮಿಗೆ ಒಂದು ತೊಟ್ಟು ನೀರೂ ಸೇರಬಾರದು. ಸೇರಿದರೆ, ಅದೂ ನಮ್ಮ ಕರಾವಳಿಯ ತೇವದಲ್ಲಿ, ಚಪ್ಪಲಿಗೂ ಪುಸ್ತಕಕ್ಕೂ ಹಿಡಿಯುವ ಬೂಷ್ಟು ಬಾಮನ್ನು ಬಿಟ್ಟೀತೇ? ಎಂಟನೇ ದಿನ ಡಬ್ಬಿಯೊಳಗೇ ಗಡ್ಡ ಬೆಳೆದಿತ್ತು. ಬಾಮಿನಿಂದ ಗಡ್ಡ ಬೆಳೆದದ್ದಕ್ಕೆ ನಾನು ಕಣ್ಣಾರೆ ಕಂಡ ಸಾಕ್ಷಿ ಅದೊಂದೇ.

ಯಾಕೆಂದರೆ ತಮ್ಮಂದಿರಾ, ಮುಖದ ಮೇಲೆ ಎಲ್ಲಿ ಎಷ್ಟು ಕೂದಲು ಬರಬೇಕೆಂಬುದು ಅಪ್ಪ, ಅಮ್ಮ ಇಬ್ಬರ ಕಡೆಯಿಂದ ಬಂದ ವಂಶವಾಹಿಯ ವಿಷಯ, ಹಾರ್ಮೋನಿನ ವಿಷಯ. ಬಾಮ್ ಮಾಡುವುದಿಷ್ಟೇ: ಇರುವ ಕೂದಲನ್ನು ಮೇಣದಿಂದ ಹಿಡಿದು ಕೂರಿಸುತ್ತದೆ, ಕೆಳಗಿನ ಚರ್ಮದ ಪಸೆ ಆರಿಹೋಗದಂತೆ ಮುಚ್ಚುತ್ತದೆ. ಇದು ಗೊತ್ತಿಲ್ಲದೆ ಕುಮಟೆಯ ಒಬ್ಬ ತಮ್ಮ ಗಲ್ಲಕ್ಕೆ ಈರುಳ್ಳಿ ರಸ ಹಚ್ಚುತ್ತಿದ್ದಾನೆ. ಹೆದ್ದಾರಿ ಬದಿಯಲ್ಲಿ ಗೊಂಚಲು ಗೊಂಚಲಾಗಿ ತೂಗುಹಾಕಿ ಮಾರುವ ಅಳ್ವೇಕೋಡಿ ಕಡೆಯ ಸಿಹಿ ಈರುಳ್ಳಿ, ಹಸಿಯಾಗಿ ಕಚ್ಚಿದರೂ ಕಣ್ಣಲ್ಲಿ ನೀರು ತರಿಸದಷ್ಟು ಸಾಧು. ಅದನ್ನು ಮೊಸರಿಗೆ ಹಾಕುವುದು ಬಿಟ್ಟು ಮುಖಕ್ಕೆ ಹಾಕಿದ್ದಕ್ಕೆ ಅವನ ಹೆಂಡತಿಯ ಕಣ್ಣಲ್ಲಿ ನೀರು ಬಂದಿದೆ.

ಈಗ ಅಸಲು ವಿಷಯ. ನಾಲ್ಕನೇ ಭಾನುವಾರ ಕೊರಿಯರ್‌ನಲ್ಲಿ ಅಂಗೈಯಗಲದ ಒಂದು ಪೊಟ್ಟಣ ಬಂತು. ಶಿಯಾ ನಮ್ಮ ಸೆಕೆಗೆ ತಡೆಯುವುದಿಲ್ಲ, ವಿದೇಶದವರೆಲ್ಲ ಈಗ ಇದನ್ನೇ ಹಾಕುತ್ತಾರೆ ಎಂದು ಅಳಿಯ ಭಕ್ತಿಯಿಂದ ಬಿಚ್ಚಿದ. ಕೆನೆಬಣ್ಣದ ಗಟ್ಟಿ ತುಂಡುಗಳು. ಆಯಿ ಒಂದು ಚೂರು ಎತ್ತಿ ಬೆರಳಲ್ಲಿ ಉಜ್ಜಿ, ಮೂಸಿ, "ಇದು ಮುರುಗಲ ತುಪ್ಪ ಅಲ್ದನಾ?" ಎಂದಳು. ಅಳಿಯ ನಕ್ಕ. "ಅಲ್ಲ ಅಮ್ಮಮ್ಮ, ಇದು ಕೋಕಂ ಬಟರ್." ಆಯಿ ನನ್ನನ್ನು ಅಟ್ಟ ಹತ್ತಿಸಿದಳು. ಅಕ್ಕಿ ಡಬ್ಬದ ಹಿಂದೆ, ಅಡಿಕೆ ಹಾಳೆಯಲ್ಲಿ ಸುತ್ತಿಟ್ಟಿದ್ದ ಉಂಡೆ ಇಳಿಯಿತು. ಎರಡನ್ನೂ ಪಕ್ಕಪಕ್ಕ ಇಟ್ಟೆವು. ಅಕ್ಕ ತಂಗಿಯರೂ ಅಲ್ಲ, ಒಬ್ಬಳೇ. ಒಬ್ಬಳು ಪ್ಲಾಸ್ಟಿಕ್ ಉಟ್ಟಿದ್ದಳು, ಇನ್ನೊಬ್ಬಳು ಹಾಳೆ.

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರೆಂಬ ಗಾದೆ ಇದೆ. ಇಲ್ಲಿ ತುಪ್ಪವನ್ನು ಅಟ್ಟದ ಮೇಲಿಟ್ಟುಕೊಂಡು ಬೆಣ್ಣೆಗೆ ಆರ್ಡರ್ ಹಾಕಿದ್ದಾಯಿತು.

ಮುರುಗಲು ಎಂದರೆ ದಕ್ಷಿಣ ಕನ್ನಡದವರ ಪುನರ್ಪುಳಿ, ಕೊಂಕಣಿಯವರ ಭಿಂಡಾ. ಹಣ್ಣಿನ ಪಾನಕ ಕುಡಿಯುತ್ತೇವೆ, ಒಣಸಿಪ್ಪೆಯನ್ನು ಸಾರಿಗೆ ಹಾಕುತ್ತೇವೆ. ಉಳಿದ ಬೀಜ ತೊಳೆದು, ಒಣಗಿಸಿ, ಸಿಪ್ಪೆ ಬಿಡಿಸಿ, ತಿರುಳು ಕುಟ್ಟಿ, ನೀರಿನಲ್ಲಿ ಹೊತ್ತುಗಟ್ಟಲೆ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ಅದನ್ನು ತೆಗೆದು ಆರಿಸಿ ಉಂಡೆ ಕಟ್ಟಿಟ್ಟರೆ ಸುಲಭಕ್ಕೆ ಕನರುವುದಿಲ್ಲ. ಕೊಬ್ಬರಿ ಎಣ್ಣೆ 25 ಡಿಗ್ರಿಯ ಆಸುಪಾಸಿನಲ್ಲೇ ನೀರಾದರೆ ಇದು ಕರಗುವುದು ಹತ್ತಿರಹತ್ತಿರ 40ಕ್ಕೆ. ಅಂದರೆ ನಮ್ಮ ಏಪ್ರಿಲ್ ಮಧ್ಯಾಹ್ನದಲ್ಲೂ ಡಬ್ಬಿಯೊಳಗೆ ಗಟ್ಟಿಯಾಗಿ ಕೂತಿರುತ್ತದೆ. ಚಳಿಗಾಲದಲ್ಲಿ ಆಯಿ ದೀಪದ ಕುಡಿಗೆ ಉಂಡೆಯ ತುದಿ ಹಿಡಿದು, ಕರಗಿದ ಹನಿಯನ್ನು ಒಡೆದ ಹಿಮ್ಮಡಿಯ ಬಿರುಕಿಗೆ ತುಂಬುತ್ತಿದ್ದಳು. ಆ ಕ್ಷಣದ ಚುರುಕ್ ನನಗೆ ಈಗಲೂ ನೆನಪಿದೆ.

ಆದರೆ ಇಲ್ಲಿ ನಾನು ಮೀಸೆ ತಿರುವುವ ಹಾಗಿಲ್ಲ. ಇಷ್ಟೆಲ್ಲ ಗೊತ್ತಿದ್ದ ನಮ್ಮ ತಲೆಮಾರು ಆ ತುಪ್ಪವನ್ನು ಹಿಮ್ಮಡಿಯಿಂದ ಮೇಲಕ್ಕೆ ಏರಿಸಲಿಲ್ಲ. ಸಿಪ್ಪೆ ಮಾರಿದೆವು, ಬೀಜ ಗೊಬ್ಬರಗುಂಡಿಗೆ ಹೋಯಿತು. ಆಯಿಯ ಕೈಯಲ್ಲಿ ಒನಕೆ ಎತ್ತಲಾಗದ ದಿನದಿಂದ ನಮ್ಮ ಮನೆಯಲ್ಲಿ ಒಂದು ಉಂಡೆಯೂ ಆಗಿಲ್ಲ. ಅಟ್ಟದಿಂದ ಇಳಿದದ್ದೇ ಕೊನೆಯದು. ಸುರಹೊನ್ನೆಯ ಕಥೆಯೂ ಇದೇ. ದೀಪಕ್ಕೆ ಹಾಕಿ ಮರೆತ ಆ ಹೊನ್ನೆ ಎಣ್ಣೆಯನ್ನೇ ತಮಾನು ಎಂಬ ಹೆಸರಿನಲ್ಲಿ ಬೆರಳುದ್ದದ ಶೀಶೆಯಲ್ಲಿ ಕೊಳ್ಳುತ್ತಿದ್ದೀರಿ, ಮರ ಇನ್ನೂ ಸಮುದ್ರದ ದಂಡೆಯಲ್ಲಿ ಕಾಯಿ ಉದುರಿಸುತ್ತ ನಿಂತಿದೆ. 'ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು' ಎಂದು ನಾನು ವಾಟ್ಸಾಪಿನಲ್ಲಿ ದಿನಾ ಕಳಿಸುವ ಸಂದೇಶಗಳಲ್ಲಿ ಹಿರಿಯರು ಯಾರು, ಕುಟ್ಟಿದವರು ಯಾರು ಎಂಬುದು ಇರುವುದಿಲ್ಲ. ಗೊತ್ತಿದ್ದದ್ದು ಅಜ್ಜಿಯರಿಗೆ, ಬೀಗುತ್ತಿರುವುದು ಮಾವಂದಿರು.

ಮೇಣದ ಲೆಕ್ಕವನ್ನೂ ಕೇಳಿ. ಎಳೆಯ ಕೆಲಸಗಾರ ಹುಳಗಳ ಹೊಟ್ಟೆಯಡಿಯ ಗ್ರಂಥಿಯಿಂದ ಪದರಪದರವಾಗಿ ಒಸರುವ ವಸ್ತು ಅದು. ಒಂದು ಕಿಲೋ ಮೇಣ ಕಟ್ಟಲು ಹುಳಗಳು ಆರೆಂಟು ಕಿಲೋ ಜೇನು ತಿನ್ನಬೇಕು ಎನ್ನುತ್ತಾರೆ. ನಮ್ಮ ಘಟ್ಟದ ಕೆಳಗಿನ ಮನೆಗಳಲ್ಲಿ ತುಡುವೆ ಜೇನಿನ ಪೆಟ್ಟಿಗೆ ಹಿತ್ತಿಲಿಗೊಂದು ಕಳೆಯಾಗಿತ್ತು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ಮರಿಹುಳಗಳು ಚೀಲದಂತೆ ಊದಿ ಸತ್ತವು. ದಕ್ಷಿಣ ಭಾರತದ ತುಡುವೆ ಪೆಟ್ಟಿಗೆಗಳಲ್ಲಿ ಬಹುಪಾಲು ಖಾಲಿಯಾದವು. ನಮ್ಮ ಮನೆಯ ಪೆಟ್ಟಿಗೆಯಲ್ಲಿ ಆಮೇಲೆ ಕೋಳಿ ಮೊಟ್ಟೆಯಿಟ್ಟಿತು. ಹಟ ಬಿಡದವರು ಮತ್ತೆ ಪಾಲು ಮಾಡಿ ಕುಟುಂಬ ಬೆಳೆಸಿದ್ದಾರೆ. ಅಂಥವರಲ್ಲಿ ಹೋಗಿ ಹಳೆಯ ಎರಿಯ ಮೇಣ ಕೇಳಿದರೆ ಕೊಟ್ಟಾರು. ಕರಗಿಸಿ ಬಟ್ಟೆಯಲ್ಲಿ ಸೋಸಬೇಕು, ಹುಳದ ರೆಕ್ಕೆ ಹೆಕ್ಕಬೇಕು, ಕೈಗೆ ಅಂಟುತ್ತದೆ. ಸಾಬೂದಾಣಿಯ ಹಾಗೆ ಬಿಳಿಯಾಗಿ ಇರುವುದೂ ಇಲ್ಲ. ನೇರ ಉರಿಗೆ ಇಡಬೇಡಿ, 62-64 ಡಿಗ್ರಿಗೆಲ್ಲ ಕರಗುತ್ತದೆ, ಬಿಸಿನೀರಿನ ಪಾತ್ರೆಯೇ ಸಾಕು. ತೂಕದಲ್ಲಿ ಒಂದು ಪಾಲು ಮೇಣ, ಒಂದು ಪಾಲು ಮುರುಗಲ ತುಪ್ಪ, ಮೂರು ಪಾಲು ಕೊಬ್ಬರಿ ಎಣ್ಣೆ. ಮೊಡವೆ ಏಳುವ ಮುಖದವರು ಕೊಬ್ಬರಿ ಎಣ್ಣೆ ಬಿಟ್ಟು ಎಳ್ಳೆಣ್ಣೆ ಹಾಕಿಕೊಳ್ಳಿ. ಬೈಯುವವನಿಗೆ ಅಡುಗೆ ಬರುವುದಿಲ್ಲ ಎನ್ನಬೇಡಿ, ಐದನೇ ಭಾನುವಾರ ಇದನ್ನು ಕಾಯಿಸಿದವನು ನಾನೇ.

ಹಾಗೆ ಆದ ಡಬ್ಬಿಯೊಂದನ್ನು ಭಟ್ಕಳದ ಹಳೇ ಸ್ನೇಹಿತರೊಬ್ಬರಿಗೆ ಒಯ್ದುಕೊಟ್ಟೆ. ಬೆಳ್ಳಗಿನ, ಬಾಚಿದ, ನಲವತ್ತು ವರ್ಷದ ಸೇವಾವಧಿ ಇರುವ ಗಡ್ಡ ಅವರದು. ಅವರು ತಿರುಗಿಸಿ ನೋಡಿ ಹೇಳಿದರು: "ನನ್ನ ಗಡ್ಡಕ್ಕೆ ಇರುವುದು ಎರಡೇ ಖರ್ಚು. ಒಂದು ಬಾಚಣಿಗೆ, ಒಂದು ಅತ್ತರು. ಬಾಚಣಿಗೆ ಹಲ್ಲು ಮುರಿಯುವವರೆಗೆ, ಅತ್ತರು ದುಬೈಯಿಂದ ಮಗ ಬರುವವರೆಗೆ. ಇದು ಮೂರನೆಯದು ಯಾವ ಕಾಯಿಲೆಗೆ?" ನನ್ನಲ್ಲಿ ಉತ್ತರವಿರಲಿಲ್ಲ. ಖರ್ಚಿಲ್ಲದ ಗಡ್ಡವೆಂದಾಗ ನೆನಪಾದದ್ದು ಯಕ್ಷಗಾನ. ಗುಣವಂತೆಯ ಕೆರೆಮನೆಯಲ್ಲಿ 1934ರಿಂದ ಮೇಳ ನಡೆದು ಬಂದಿದೆ. ಈ ಕಡೆಯ ಆಟಗಳಲ್ಲಿ ಋಷಿ ವೇಷದವರು ರಾತ್ರಿ ದಾರ ಕಟ್ಟಿ ಗಡ್ಡ ಇಳಿಬಿಟ್ಟು, ಆಟ ಮುಗಿದ ಮೇಲೆ ಬಿಚ್ಚಿ ಚೌಕಿಯ ಮೊಳೆಗೆ ನೇತುಹಾಕಿ, ಕೊಬ್ಬರಿ ಎಣ್ಣೆಯಲ್ಲಿ ಮುಖ ಒರೆಸಿಕೊಂಡು ಮನೆಗೆ ಹೋಗುತ್ತಾರೆ. ಗಡ್ಡದ ನಿರ್ವಹಣೆಗೆ ಇದಕ್ಕಿಂತ ಅಗ್ಗದ ದಾರಿ ನನಗೆ ಹೊಳೆಯಲಿಲ್ಲ.

ಡಬ್ಬಿಗೆ ಲೈಟ್‌ಹೌಸಿನ ಚಿತ್ರ ಹಾಕಿ ಮಾರುವ ಯೋಚನೆಯಲ್ಲಿರುವವರಿಗೆ ಒಂದೇ ಮಾತು. ನಿಮ್ಮ ಗಡ್ಡಕ್ಕೆ ನೀವು ಏನು ಬೇಕಾದರೂ ಬಳಿದುಕೊಳ್ಳಿ, ಕೇಳುವವರಿಲ್ಲ. ಮಾರಲು ತಯಾರಿಸಿದರೆ ಅದು ಕಾನೂನಿನ ಕಣ್ಣಿನಲ್ಲಿ ಸೌಂದರ್ಯವರ್ಧಕ. 2020ರ ನಿಯಮಗಳ ಪ್ರಕಾರ ತಯಾರಿಕೆಗೆ ಲೈಸೆನ್ಸ್ ಬೇಕು. ಹಾಲಿನ ಪಾತ್ರೆ ತೋರಿಸಿದರೆ ಕೊಡುವುದಿಲ್ಲ.

ಅಳಿಯಾ, ನಿನಗೆ ಬೇರೆಯಾಗಿ ಎರಡು ಸಾಲು. ಕೊನೆಯ ಉಂಡೆ ಅರ್ಧ ಖರ್ಚಾಗಿದೆ, ಉಳಿದರ್ಧವನ್ನು ಆಯಿ ತನ್ನ ಹಿಮ್ಮಡಿಗೆಂದು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ್ದಾಳೆ. ಗುಡ್ಡದ ಮುರುಗಲು ಈ ಬಾರಿ ಚೆನ್ನಾಗಿ ಕಚ್ಚಿದೆ. ಮಳೆ ಹಿಡಿಯುವ ಮೊದಲು ಬೀಜ ಒಣಗಬೇಕು, ಆದ್ದರಿಂದ ಮೇ ತಿಂಗಳ ನಡುವೆ ನಾಲ್ಕು ದಿನ ರಜೆ ಹಾಕಿಟ್ಟುಕೋ. ಒನಕೆ ಕೆಳಗಿಳಿಸಿ ತೊಳೆದಿಟ್ಟಿದ್ದೇನೆ. ಆಯಿ ಕೂತು ಹೇಳುತ್ತಾಳೆ, ನೀನು ಕುಟ್ಟು, ಒಲೆ ನಾನು ನೋಡಿಕೊಳ್ಳುತ್ತೇನೆ. ಪೇಟೆಗೆ ಹೋದಾಗ ಒಂದು ಹೊಸ ಹಾಲಿನ ಪಾತ್ರೆ ತಾ, ಎರಡು ಲೀಟರಿನದ್ದು, ತಳ ದಪ್ಪ ಇರಲಿ. ಕುಟ್ಟುವಾಗ ಗಡ್ಡವನ್ನು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿಕೋ, ಒರಳಿಗೆ ಸಿಕ್ಕೀತು.

ಇಂತಿ,
ಹೊನ್ನಾವರದ ಮಾವ
(ನುಣ್ಣಗೆ ಬೋಳಿಸಿದ ಗಲ್ಲದವನು)