ತಾರ್ನಾಕ ಶಾಖೆಯ ರಾಕೆಟ್ ಗ್ಲೈಡರ್ ಮೀಮಾಂಸೆ

ಮೇಲೇರುವಾಗ ರಾಕೆಟ್ಟೂ ಕೆಳಗಿಳಿಯುವಾಗ ವಿಮಾನವೂ ಆಗಬೇಕಾದ, ಆದ್ದರಿಂದ ಹುಟ್ಟಿನಿಂದಲೇ ದ್ವೈತಿಯಾದ, ರಿಮೋಟಿನಿಂದ ನಡೆಸುವ ಹಗುರ ಆಟಿಕೆಯೊಂದು ಪ್ರಸ್ತುತ ಪ್ರಬಂಧದ ವಸ್ತು. ಮದ್ದು ಉರಿದು ಮುಗಿದೊಡನೆ ಎಂಜಿನ್ನನ್ನು ಕಳಚಿ ಬಿಸಾಡುವುದನ್ನು ಬೂಸ್ಟ್ ಗ್ಲೈಡರ್ ಎಂದೂ, ಇಡಿಯಾಗಿ ಏರಿ ಇಡಿಯಾಗಿ ಇಳಿಯುವುದನ್ನು ರಾಕೆಟ್ ಗ್ಲೈಡರ್ ಎಂದೂ ಕರೆಯುವುದು ವಿದ್ವತ್ಸಮ್ಮತವಾಗಿದ್ದು, ಇಡಿಯಾಗಿ ಏರಿ ಬಿಡಿಬಿಡಿಯಾಗಿ ಇಳಿಯುವ ಮೂರನೆಯ ಪ್ರಭೇದವನ್ನು ಗ್ರಂಥಗಳು ಹೇಳದಿದ್ದರೂ ಲೋಕದಲ್ಲಿ ಅದರ ಸಂಖ್ಯೆಯೇ ಹೆಚ್ಚು.

ಹಾರದ ವಿಮಾನದ ಬಗ್ಗೆ ಗ್ರಂಥ ಬರೆಯುವ ಅಧಿಕಾರ ಕನ್ನಡಿಗರಿಗೆ ಪರಂಪರೆಯಿಂದಲೇ ಬಂದಿದೆ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ವೈಮಾನಿಕ ಶಾಸ್ತ್ರವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಪರೀಕ್ಷಿಸಿ, ಅದರಲ್ಲಿ ವರ್ಣಿತವಾದ ಯಾವ ವಿಮಾನಕ್ಕೂ ಹಾರುವ ಲಕ್ಷಣವಿಲ್ಲವೆಂದು 1974ರಲ್ಲಿ ತೀರ್ಮಾನಿಸಿದರು. ಇದಕ್ಕೆ ಪ್ರತಿಯಾಗಿ, ಹೊಸನಗರ ತಾಲ್ಲೂಕಿನ ನಗರದ ಪಾಳುಬಾವಿಯೊಂದರಲ್ಲಿ 2018ರಲ್ಲಿ ಟಿಪ್ಪುವಿನ ಕಾಲದ್ದೆನ್ನಲಾದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ದೊರೆತವು. ಅಂಥ ಕಬ್ಬಿಣದ ಕೊಳವೆಗಳು ಹಾರುತ್ತಿದ್ದವೆಂಬುದಕ್ಕೆ 1780ರ ಪೊಳ್ಳಿಲೂರು ಕದನದಲ್ಲಿ ಪೆಟ್ಟು ತಿಂದ ಇಂಗ್ಲಿಷರೇ ಸಾಕ್ಷಿಯಾದರೂ ಆ ಬಾವಿಯಿಂದ ಗ್ರಂಥವೇನೂ ಮೇಲೆ ಬರಲಿಲ್ಲ. ಹಾರಾಟಕ್ಕೂ ಪಾಂಡಿತ್ಯಕ್ಕೂ ಕೂಡಿಬರುವುದಿಲ್ಲವೆಂದು ಇದರಿಂದ ಊಹಿಸುವುದು ಅವಸರದ ಮಾತಾದೀತು.

ಇನ್ನು ತಾರ್ನಾಕ ಶಾಖೆಯ, ಅಂದರೆ ಅಲ್ಲಿ ಗ್ಲೈಡರು ಕಟ್ಟಿ ವಾದ ಹೂಡುವ ಬಳಗದ, ಸ್ಥಳಮಾಹಾತ್ಮ್ಯ. ಇಂಥ ಶಾಸ್ತ್ರಕ್ಕೆ ಹೈದರಾಬಾದಿನ ತಾರ್ನಾಕದಷ್ಟು ಪ್ರಶಸ್ತವಾದ ಕ್ಷೇತ್ರ ಬೇರೊಂದಿಲ್ಲ. ಮದ್ದಿನ ಉರಿಯನ್ನು ವ್ಯಾಖ್ಯಾನಿಸಲು ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯೂ, ಗ್ಲೈಡರಿನ ಮೂತಿ ನೆಲದಲ್ಲಿ ತೋಡಿದ ಗುಂಡಿಯನ್ನು ಅಳೆಯಲು ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯೂ, ಅಂಟಿನ ಮೇಲೆ ಅಂಟು ಬಳಿದು ಬೊಜ್ಜು ಬಂದ ರೆಕ್ಕೆಗೆ ಪಥ್ಯ ಹೇಳಲು ಕೂನೂರಿನಿಂದ ಬಂದು ಇಲ್ಲಿ ನೆಲೆಸಿದ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ ಆಸುಪಾಸಿನಲ್ಲೇ ಇವೆ. ಪಕ್ಕದ ಸಿಸಿಎಂಬಿ, ಅಂದರೆ ಜೀವಕೋಶಗಳನ್ನು ಅಭ್ಯಸಿಸುವ ಕೇಂದ್ರ, ಈ ಶಾಸ್ತ್ರಕ್ಕೆ ಹೇಗೆ ಒದಗುತ್ತದೆ ಎಂಬ ವಿಚಾರದಲ್ಲಿ ಮಾತ್ರ ಒಮ್ಮತವಿಲ್ಲ.

ನಿರ್ಮಾಣಕಾಂಡದಲ್ಲಿ ಮೊದಲ ವಿವಾದ ಅಂಟಿನದು. ಥರ್ಮೋಕೋಲ್ ರೆಕ್ಕೆಯ ಮೇಲೆ ಫೆವಿಕ್ವಿಕ್ಕಿನ ಒಂದು ತೊಟ್ಟು ಬಿದ್ದರೆ ಅದು ಬಿಳಿಯ ಕಾಳುಗಳನ್ನು ಕರಗಿಸುತ್ತ ಒಳಗಿಳಿದು ಅಂಚು ಗಟ್ಟಿಯಾದ ಕುಳಿಯೊಂದನ್ನು ಕೊರೆಯುತ್ತದೆ. ಫೆವಿಕಾಲ್ ಹೀಗೆ ಮಾಡುವುದಿಲ್ಲವಾದರೂ ಒಣಗಲು ಇಡೀ ರಾತ್ರಿ ಬೇಡುತ್ತದೆ. ಆದ್ದರಿಂದ ಅವಸರವಾದಿಗಳ ರೆಕ್ಕೆಯಲ್ಲಿ ತೂತುಗಳೂ ಸಹನವಾದಿಗಳ ರೆಕ್ಕೆಯ ಮೇಲೆ ಇರುವೆಗಳೂ ಕಂಡುಬರುತ್ತವೆ.

ಎರಡನೆಯ ವಿವಾದ ತೂಕ ಎಲ್ಲಿರಬೇಕೆಂಬುದು. ಶಾಸ್ತ್ರದ ತಿರುಳೂ ಇದೇ. ಬೆರಳಿನ ಮೇಲಿಟ್ಟಾಗ ಗ್ಲೈಡರು ವಾಲದೆ ನಿಲ್ಲುವ ಬಿಂದು ಗುರುತ್ವಕೇಂದ್ರ. ಗಾಳಿಯ ಒತ್ತಡವೆಲ್ಲ ಒಟ್ಟಾಗಿ ಕೆಲಸ ಮಾಡುವಂತೆ ತೋರುವ ಬಿಂದು ಒತ್ತಡಕೇಂದ್ರ. ಮೊದಲನೆಯದು ಎರಡನೆಯದಕ್ಕಿಂತ ಮುಂದಿರದಿದ್ದರೆ ರಾಕೆಟ್ಟು ತನ್ನ ಬಾಲವನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಹಿಂಬದಿಯಲ್ಲಿರುವ ಎಂಜಿನ್ನಿನ ಮದ್ದು ಉರಿದಂತೆಲ್ಲ ಗುರುತ್ವಕೇಂದ್ರ ಮುಂದಕ್ಕೆ ಸರಿಯುತ್ತದಾದ್ದರಿಂದ, ಇಳಿಯುವಾಗ ಮೂತಿ ಭಾರವಾಗಿ ನೆಲವನ್ನರಸದಂತೆ ರೆಕ್ಕೆಯ ಹಿಂದಿನ ಅಂಚಿನಲ್ಲಿರುವ ಎಲೆವಾನುಗಳನ್ನು, ಅಂದರೆ ಏರಿಳಿತವನ್ನೂ ಹೊರಳಾಟವನ್ನೂ ಒಟ್ಟಿಗೆ ನೋಡಿಕೊಳ್ಳುವ ಮಡಿಕೆಗಳನ್ನು, ತುಸು ಮೇಲೆತ್ತಬೇಕು; ಆದರೆ ಅದೇ ಎತ್ತರವನ್ನು ಏರುವಾಗಲೂ ಇಟ್ಟುಕೊಂಡರೆ ಗ್ಲೈಡರು ಆಕಾಶದಲ್ಲಿ ಗಿರಕಿ ಹೊಡೆದು ಹಾರಿಸಿದವರತ್ತಲೇ ಬರುತ್ತದೆ. ಏರುವಾಗ ಸಮತಟ್ಟು, ಇಳಿಯುವಾಗ ಮೇಲ್ಮುಖ ಎಂಬ ಎರಡು ಸತ್ಯಗಳ ನಡುವೆ ಇರುವುದು ರಿಮೋಟಿನ ಒಂದು ಸ್ವಿಚ್ಚು, ಅದನ್ನು ಒತ್ತಲು ಇರುವುದು ಕೆಲವೇ ಸೆಕೆಂಡು. ಶಾಸ್ತ್ರಾರ್ಥದಲ್ಲಿ ಮುಳುಗಿದವರು ಆ ಹೊತ್ತಿಗೆ ಆಕಾಶ ನೋಡುತ್ತ ಬಾಯಿ ತೆರೆದಿರುತ್ತಾರೆ. ಅಂತರರಾಷ್ಟ್ರೀಯ ಸ್ಪರ್ಧೆಗಳ ಎಸ್8ಪಿ ವರ್ಗದಲ್ಲಿ ಗ್ಲೈಡರು ಕರಾರುವಾಕ್ಕಾಗಿ 360 ಸೆಕೆಂಡು ಹಾರಿ ಗುರುತಿಟ್ಟ ಜಾಗದಲ್ಲೇ ಇಳಿಯಬೇಕೆಂಬುದನ್ನು ಕೇಳಿ ತಾರ್ನಾಕ ಶಾಖೆಯವರು ಅದನ್ನು ಅರ್ಥವಾದವೆಂದು, ಅಂದರೆ ಹೊಗಳಿಕೆಯ ಅತಿಶಯೋಕ್ತಿಯೆಂದು, ಬದಿಗಿಟ್ಟಿದ್ದಾರೆ.

ಇದೇ ಸಿದ್ಧಾಂತವನ್ನು ದೊಡ್ಡದಾಗಿ ಸಾಧಿಸಿದವರು ಇಸ್ರೊದವರು. 2016ರ ಮೇ 23ರಂದು ಶ್ರೀಹರಿಕೋಟೆಯಿಂದ ರಾಕೆಟ್ಟಿನ ನೆತ್ತಿಯ ಮೇಲೆ ಹೊರಟ ಅವರ ರೆಕ್ಕೆಯ ವಾಹನ ಸುಮಾರು 65 ಕಿ.ಮೀ. ಎತ್ತರ ಮುಟ್ಟಿ ಬಂಗಾಳ ಕೊಲ್ಲಿಯತ್ತ ತೇಲಿ ಇಳಿಯಿತು. ಮುಂದೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ 2023ರ ಏಪ್ರಿಲ್ 2ರಂದು ಚಿನೂಕ್ ಹೆಲಿಕಾಪ್ಟರಿನಿಂದ ಸುಮಾರು ನಾಲ್ಕೂವರೆ ಕಿ.ಮೀ. ಎತ್ತರದಲ್ಲಿ ಬಿಟ್ಟ ಅದರ ಮಾದರಿ ತಾನೇ ದಾರಿ ಹಿಡಿದು ರನ್‌ವೇ ಮೇಲೆ ಇಳಿಯಿತು. 2024ರಲ್ಲಿ ಪುಷ್ಪಕ್ ಎಂಬ ಹೆಸರಿನಲ್ಲಿ ಮತ್ತೆರಡು ಸಲ ಇಳಿದದ್ದರಿಂದ, ಚಳ್ಳಕೆರೆಯಲ್ಲಿ ಬಟ್ಟೆ ಒಣಹಾಕುವ ಹಗ್ಗಗಳಿಲ್ಲದಿರುವುದೇ ಈ ಯಶಸ್ಸಿಗೆ ಕಾರಣವೆಂಬ ತಾರ್ನಾಕದ ವಾದಕ್ಕೆ ಬಲ ಬಂದಿದೆ.

ಕೊನೆಯದಾಗಿ ಅಧಿಕಾರನಿರ್ಣಯ. ಪರವಾನಗಿಯಿಲ್ಲದೆ ಮನೆಯಲ್ಲಿ ಮದ್ದು ಅರೆಯುವುದನ್ನು 1884ರ ಸ್ಫೋಟಕ ಕಾಯ್ದೆ ಒಪ್ಪುವುದಿಲ್ಲ. ಡ್ರೋನ್ ನಿಯಮಗಳು 2021 ಬಂದ ಮೇಲೆ ರಿಮೋಟಿನ ಆಟಿಕೆ ಹಾರಿಸುವವರೂ ವಾಯುಪ್ರದೇಶದ ನಕ್ಷೆಯನ್ನು ಮೊದಲು ನೋಡಬೇಕು. ಬೇಗಂಪೇಟೆಯ ವಿಮಾನ ನಿಲ್ದಾಣವಂತೂ ದೂರವಿಲ್ಲ. ಆದ್ದರಿಂದ ತಾರ್ನಾಕದಲ್ಲಿ ಗ್ಲೈಡರನ್ನು ಕಟ್ಟಬಹುದು, ತೂಗಬಹುದು, ಅದರ ಮೇಲೆ ವಾದ ಹೂಡಬಹುದು. ಹಾರಿಸಲು ಅನುಮತಿ ಪಡೆದು ಊರಾಚೆಯ ಬಯಲಿಗೇ ಹೋಗಬೇಕು. ತಾರಸಿಯ ಮೇಲೆ ಎಂಜಿನ್ನಿಲ್ಲದೆ ಕೈಯಿಂದ ಎಸೆದು ಪರೀಕ್ಷಿಸಲು ಅಡ್ಡಿಯಿಲ್ಲ, ಆದರೆ ಮನೆಯ ಓನರ್ ಆಂಟಿ ಅಲ್ಲಿ ಒಣಹಾಕಿದ ಸೀರೆಗಳು ಒಣಗಿ ಕೆಳಗೆ ಹೋಗಿವೆಯೇ ಎಂಬುದನ್ನು ಜಿಜ್ಞಾಸುಗಳು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು.