ಹನ್ನೊಂದು ವ್ಯೂಸಿನ ನಾಣ್ಯಸಂಗ್ರಾಹಕರು

ಬಸ್ಸಿನಲ್ಲಿ ಕಂಡಕ್ಟರು ಬಾಕಿ ಚಿಲ್ಲರೆಯನ್ನು ಟಿಕೆಟಿನ ಹಿಂದೆ ಗೀಚಿಕೊಟ್ಟಾಗ ಎಲ್ಲರ ಮುಖವೂ ಗಂಟಾಗುತ್ತದೆ. ಆದರೆ ನಿಜವಾದ ಸಂಕಟ ನಾಣ್ಯಸಂಗ್ರಾಹಕರದು. ಬೇರೆಯವರು ಕಳೆದುಕೊಳ್ಳುವುದು ಮೂರು ರೂಪಾಯಿ, ಇವರು ಕಳೆದುಕೊಳ್ಳುವುದು ಮೂರು ಸಾಧ್ಯತೆ. ಇಳಿಯುವ ಹೊತ್ತಿಗೆ ಚಿಲ್ಲರೆ ಕೈಗೆ ಬಂದರೂ ಇವರು ಎಣಿಸುವುದಿಲ್ಲ, ತಿರುಗಿಸಿ ನೋಡುತ್ತಾರೆ. ಇಸವಿಯ ಕೆಳಗೆ ವಜ್ರಾಕೃತಿಯಿದ್ದರೆ ಮುಂಬೈ ಟಂಕಸಾಲೆ, ನಕ್ಷತ್ರವಿದ್ದರೆ ಹೈದರಾಬಾದು, ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಏನೂ ಇಲ್ಲದಿರುವುದನ್ನೇ ಒಂದು ಗುರುತೆಂದು ಹಿಡಿದು ಹಿಗ್ಗುವ ಜನ ಜಗತ್ತಿನಲ್ಲಿ ಬಹಳವಿಲ್ಲ. ಅಂಗಡಿಯಲ್ಲಿ ಎಲ್ಲರೂ ಕ್ಯೂಆರ್ ಕೋಡಿಗೆ ಮೊಬೈಲು ಹಿಡಿಯುವ ಈ ಕಾಲದಲ್ಲಿ ಹತ್ತು ರೂಪಾಯಿಯ ಕೊತ್ತಂಬರಿಗೆ ಐವತ್ತರ ನೋಟು ಕೊಟ್ಟು, 'ಚಿಲ್ಲರೇನೇ ಕೊಡಿ' ಎಂದು ಕೈಯೊಡ್ಡುವವರೂ ಇವರೇ.

ಇಷ್ಟರಲ್ಲೇ ಇದ್ದಿದ್ದರೆ ಇವರಷ್ಟು ಸುಖಿಗಳಿಲ್ಲ. ಆದರೆ ಯಾರೋ ಹಿತೈಷಿಗಳು 'ಇದನ್ನೆಲ್ಲ ವಿಡಿಯೋ ಮಾಡಿ ಹಾಕಿ ಸಾರ್' ಎಂದುಬಿಡುತ್ತಾರೆ. ಊಟದ ಮೇಜಿಗೆ ಕಪ್ಪು ಬಟ್ಟೆ ಹಾಸಿ, ಫ್ಯಾನು ಆರಿಸಿ, ಮಕ್ಕಳ ಬಾಯಿ ಮುಚ್ಚಿಸಿ, ಗಂಟಲು ಸರಿಮಾಡಿಕೊಂಡು ನಾಣ್ಯಪುರಾಣ ಶುರುವಾಗುತ್ತದೆ. ಬೆಳಿಗ್ಗೆ ನೋಡಿದರೆ ಹನ್ನೊಂದು ವ್ಯೂಸ್. ಅದರಲ್ಲಿ ನಾಲ್ಕು, ವಿಡಿಯೋ ಓಡುತ್ತಿದೆಯೇ ಎಂದು ಇವರೇ ಪರೀಕ್ಷಿಸಿದ್ದು. ಎರಡು, ಹೆಂಡತಿಯ ಮೊಬೈಲಿನಿಂದ ಇವರೇ ನೋಡಿದ್ದು. 'ಸೂಪರ್ ಭಾವ' ಎಂದು ಬರೆದ ಭಾವಮೈದುನ ನೋಡಿದ್ದಾನೆ ಎಂಬುದಕ್ಕೆ ಸಾಕ್ಷ್ಯವಿಲ್ಲ. ಕೆಲವು ತಿಂಗಳು ಹೀಗೇ ನಡೆದರೆ ಆಲ್ಬಮ್ ಅಟ್ಟ ಸೇರುತ್ತದೆ. 'ಜನರಿಗೆ ಆಸಕ್ತಿಯೇ ಇಲ್ಲ' ಎಂಬ ತೀರ್ಪು ಹೊರಬೀಳುತ್ತದೆ.

ತೀರ್ಪು ನಿಜವಿರಬಹುದು, ಆದರೆ ಉತ್ಸಾಹ ಇಂಗಿದ್ದು ಅದರಿಂದಲ್ಲ. ಸಂಗ್ರಾಹಕರು ತಮಗೇ ತಿಳಿಯದಂತೆ ನಾಣ್ಯ ಬಿಟ್ಟು ವ್ಯೂಸ್ ಕೂಡಿಹಾಕಲು ಹೊರಟಿದ್ದರು. ಸಂಗ್ರಹಕ್ಕೆ ಅದರಷ್ಟು ಅಯೋಗ್ಯವಾದ ವಸ್ತು ಇನ್ನೊಂದಿಲ್ಲ. ನಯಾ ಪೈಸೆಯ ಸಾಲು 1957ರಲ್ಲಿ ಹುಟ್ಟಿ 1964ರಲ್ಲಿ ಮುಗಿಯಿತು. ನಾಲ್ಕಾಣೆ 2011ರ ಜೂನ್ 30ಕ್ಕೆ ಚಲಾವಣೆಯಿಂದ ನಿವೃತ್ತವಾಯಿತು. ಇಂಥ ಸಾಲಿಗೆ ಮೊದಲಿದೆ, ಕೊನೆಯಿದೆ, ನಡುವೆ ಖಾಲಿ ಉಳಿದ ಗೂಡೂ ಇದೆ. ಆ ಖಾಲಿ ಗೂಡೇ ಸಂಗ್ರಾಹಕರನ್ನು ಸಂತೆಯಿಂದ ಸಂತೆಗೆ ಅಲೆಸುವುದು. ವ್ಯೂಸಿನ ಸಾಲಿನಲ್ಲಿ ಖಾಲಿ ಗೂಡೂ ಇಲ್ಲ, ಕೊನೆಯೂ ಇಲ್ಲ. ಹನ್ನೊಂದು ಸಾವಿರವಾದ ದಿನ ಪಕ್ಕದವರ ಲಕ್ಷ ಕಣ್ಣು ಕುಕ್ಕುತ್ತದೆ. ಎಂದೂ ಪೂರ್ತಿಯಾಗದ್ದನ್ನು ಕೂಡಿಹಾಕಲು ಹೊರಟವರು ಸೋಲುವುದರಲ್ಲಿ ಆಶ್ಚರ್ಯವೇನು?

'ಜ್ಞಾನ ನಾಲ್ಕು ಜನಕ್ಕೆ ತಲುಪದಿದ್ದರೆ ಏನು ಫಲ?' ಎಂಬ ಆಕ್ಷೇಪ ಬರುತ್ತದೆ. ತಲುಪಬೇಕು, ಒಪ್ಪೋಣ. ಆದರೆ ಮರುದಿನ ಬೆಳಿಗ್ಗೆಯೇ ತಲುಪಬೇಕೆಂಬ ಕಾನೂನಿಲ್ಲ. 1830ರ ದಶಕದಲ್ಲಿ ಚಾರ್ಲ್ಸ್ ಮ್ಯಾಸನ್ ಎಂಬಾತ ಕಾಬೂಲಿನ ಬಳಿಯ ಬೆಗ್ರಾಮಿನಲ್ಲಿ ಹತ್ತಾರು ಸಾವಿರ ಹಳೆಯ ನಾಣ್ಯ ಸಂಗ್ರಹಿಸಿದ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಿಂದ ಪರಾರಿಯಾಗಿ ಹೆಸರು ಬದಲಿಸಿಕೊಂಡಿದ್ದ ಅವನಿಗೆ ಹೆಚ್ಚು ಜನ ನೋಡದಿರುವುದೇ ಕ್ಷೇಮವಾಗಿತ್ತು. ಒಂದು ಬದಿಯಲ್ಲಿ ಗ್ರೀಕ್, ಇನ್ನೊಂದು ಬದಿಯಲ್ಲಿ ಖರೋಷ್ಠಿ ಅಕ್ಷರಗಳಿದ್ದ ಅಂಥ ನಾಣ್ಯಗಳ ನೆರವಿನಿಂದಲೇ, ಕಲ್ಕತ್ತಾ ಟಂಕಸಾಲೆಯಲ್ಲಿ ಲೋಹಪರೀಕ್ಷಕನಾಗಿದ್ದ ಜೇಮ್ಸ್ ಪ್ರಿನ್ಸೆಪ್ ಮುಂತಾದವರು ಖರೋಷ್ಠಿಯ ಬೀಗ ತೆಗೆದರು. ಅನೇಕ ಇಂಡೋ-ಗ್ರೀಕ್ ರಾಜರು ಇದ್ದರೆಂಬುದಕ್ಕೆ ಇವತ್ತಿಗೂ ನಾಣ್ಯ ಬಿಟ್ಟು ಬೇರೆ ಸಾಕ್ಷಿಯಿಲ್ಲ. ಆ ದೊರೆಗಳು ಇತಿಹಾಸದಲ್ಲಿ ಉಳಿದದ್ದು ಲೈಕುಗಳಿಂದಲ್ಲ, ಚಿಲ್ಲರೆಯಿಂದ.

'ಅದು ಬೆಗ್ರಾಮು, ಇದು ತರಕಾರಿ ಅಂಗಡಿಯ ಒಂದು ರೂಪಾಯಿ' ಎಂದು ನಗುವವರೂ ಇದ್ದಾರೆ. ಬೆಗ್ರಾಮಿನ ನಾಣ್ಯಗಳಲ್ಲಿ ಬಹುಪಾಲು ಅಂದಿನ ತರಕಾರಿ ಅಂಗಡಿಯ ತಾಮ್ರದ ಕಾಸೇ ಎಂಬುದನ್ನು ಅವರು ಮರೆಯುತ್ತಾರೆ. ಅಲ್ಲದೆ ಇವತ್ತು ನಾಣ್ಯದ ಹೆಸರಿನಲ್ಲಿ ಜನ ಸೇರುವುದು ಎಲ್ಲಿ ಎಂದು ನೋಡಿ. ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿಗೆ ಲಕ್ಷ ಲಕ್ಷ ಸಿಗುತ್ತದೆ ಎಂದು ಕಿರುಚುವಲ್ಲಿ. ತನ್ನ ಹೆಸರು ಹೇಳಿಕೊಂಡು ಹಳೆಯ ನೋಟು-ನಾಣ್ಯದ ವ್ಯವಹಾರಕ್ಕೆ ಶುಲ್ಕ ಕೇಳುವ ವಂಚಕರಿದ್ದಾರೆ, ಎಚ್ಚರ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಹೇಳಬೇಕಾಯಿತು. 'ಇದು 2012ರ ಸ್ಮರಣಾರ್ಥ ನಾಣ್ಯ, ಸಾಧಾರಣವಾಗಿ ಸಿಗುತ್ತದೆ' ಎಂಬ ಸತ್ಯಕ್ಕೆ ಹನ್ನೊಂದೇ ಗಿರಾಕಿ. ಹಾಗೆಂದು ಕಡಿಮೆ ವ್ಯೂಸೇ ಸತ್ಯದ ಪ್ರಮಾಣಪತ್ರವೆಂದು ಬೀಗಬೇಕಾಗಿಲ್ಲ. ಹತ್ತು ನಿಮಿಷ ಬರೀ ಹೆಬ್ಬೆರಳು ತೋರಿಸಿದರೂ ಹನ್ನೊಂದೇ ಬರುತ್ತದೆ.

ಉಳಿದದ್ದು ಗಟ್ಟಿಯಾದ ಆಕ್ಷೇಪ: ಮನುಷ್ಯನಿಗೆ ನೋಡುವ ಕಣ್ಣೊಂದು ಬೇಡವೇ? ಖಂಡಿತ ಬೇಕು. ಆದರೆ ಸಂಗ್ರಾಹಕರಿಗೆ ಬೇಕಾದದ್ದು ಮೆಚ್ಚುವ ಸಾವಿರ ಕಣ್ಣಲ್ಲ, ತಪ್ಪು ಹಿಡಿಯುವ ಒಂದು ಕಣ್ಣು. 'ಅದು ನೋಯ್ಡಾದ ಚುಕ್ಕೆಯಲ್ಲ ಸ್ವಾಮಿ, ಕೊಳೆ. ಹಾಗಂತ ಹುಣಸೆಹುಳಿ ಹಾಕಿ ಉಜ್ಜಬೇಡಿ, ನಾಣ್ಯ ಹಾಳಾಗುತ್ತದೆ' ಎಂದು ಬರೆಯುವ ಒಬ್ಬ ಅಪರಿಚಿತ, ಭಾವಮೈದುನನ ನೂರು 'ಸೂಪರ್'ಗಳಿಗೆ ಮಿಗಿಲು. ಭಾರತೀಯ ನಾಣ್ಯಶಾಸ್ತ್ರ ಸಂಘ 1910ರಲ್ಲಿ ಅಲಹಾಬಾದಿನಲ್ಲಿ ಹುಟ್ಟಿದ್ದೂ ಇಂಥ ಬೆರಳೆಣಿಕೆಯ ಆಸಕ್ತರಿಂದಲೇ. ಆದ್ದರಿಂದ ಹನ್ನೊಂದು ವ್ಯೂಸಿನವರಿಗೆ ಬೇಕಾದದ್ದು ಸಾಂತ್ವನವಲ್ಲ, ಲೆಕ್ಕದ ತಿದ್ದುಪಡಿ. ಇಸವಿ, ಟಂಕಸಾಲೆ, ಸಿಕ್ಕ ಊರು, ಸಿಕ್ಕ ದಿನ ಬರೆದಿಡಲಿ. ನೋಡಿದವರನ್ನು ಬಿಟ್ಟು ತಕರಾರು ತೆಗೆದವರನ್ನು ಎಣಿಸಲಿ. ಅಂಥವರು ಇಬ್ಬರು ಸಿಕ್ಕರೆ ಒಂದು ಸಂಘ ಕಟ್ಟಬಹುದು. ಮೂರನೆಯವರು ಬಂದರೆ ಅಧ್ಯಕ್ಷಗಿರಿಗೆ ಜಗಳವೂ ಶುರುವಾಗುತ್ತದೆ. ಆಮೇಲೆ ಉತ್ಸಾಹಕ್ಕೆ ಬರವಿಲ್ಲ.