ಕ್ಯಾಟಲಾಗಿನಲ್ಲಿಲ್ಲದ ಪ್ರೋಬು: ತಯಾರಿಸುವ ವಿಧಾನ

ಸೂಚನೆ: ಅಲ್ಟ್ರಾಸಾನಿಕ್ ಪ್ರೋಬಿನ ತಯಾರಿ ಗಿರಾಕಿಯ ಫೋನಿನಿಂದ ಶುರುವಾಗುತ್ತದೆ. "ಸ್ಟೇನ್‌ಲೆಸ್ ಸ್ಟೀಲ್ ಪೈಪು, ಎಲ್ಬೋ ಸೇರೋ ಜಾಗದಲ್ಲಿ ವೆಲ್ಡು, ಒಳಗೆ ಬಿರುಕಿದೆಯಾ ನೋಡಬೇಕು. ಮಾಮೂಲಿ ಕೆಲಸ ಸಾರ್" ಎಂದರೆ ನಂಬಬೇಡಿ. ಮಾಮೂಲಿಯಾಗಿದ್ದರೆ ಅಂಗಡಿಯ ಪ್ರೋಬೇ ಸಾಕಾಗುತ್ತಿತ್ತು.

ಹಂತ 1. ನಕ್ಷೆ ತರಿಸಿ, ಓದಿ, ಮಡಿಸಿಡಿ. ಆಮೇಲೆ ಟೇಪು ಹಿಡಿದು ಸ್ಥಳಕ್ಕೆ ಹೋಗಿ. ನಕ್ಷೆಯಲ್ಲಿ ಪೈಪಿನ ಸುತ್ತ ಬಟಾಬಯಲು. ಅಲ್ಲಿ ನೋಡಿದರೆ ಗೋಡೆಗೂ ಪೈಪಿಗೂ ನಡುವೆ ಎರಡು ಬೆರಳು ತೂರುವಷ್ಟು ಸಂದು. ಪ್ರೋಬಿನ ಎತ್ತರವನ್ನು ಗೋಡೆಯೇ ನಿರ್ಧರಿಸಿಬಿಟ್ಟಿತು. ಕೇಬಲ್ ಮೇಲಿನಿಂದಲ್ಲ, ಪಕ್ಕದಿಂದ ಹೊರಡಬೇಕೆಂಬುದನ್ನೂ. ಎಲ್ಬೋ ಕಡೆ ಪ್ರೋಬು ಕೂರುವುದಿಲ್ಲ. ಒಂದೇ ಬದಿಯಿಂದ ನೋಡಬೇಕು.

ಹಂತ 2. ಆವರ್ತನ ಆರಿಸಿ. ಗಿರಾಕಿ 5 ಮೆಗಾಹರ್ಟ್ಸ್ ಕೇಳುತ್ತಾರೆ, ಹೆಚ್ಚಿದ್ದಷ್ಟೂ ಒಳ್ಳೆಯದೆಂದು. ಉಕ್ಕಿನಲ್ಲಿ ನೀಳ ತರಂಗದ ವೇಗ ಸೆಕೆಂಡಿಗೆ ಸುಮಾರು 5,900 ಮೀಟರ್. 5 ಮೆಗಾಹರ್ಟ್ಸ್‌ನಲ್ಲಿ ತರಂಗದೂರ 1.2 ಮಿ.ಮೀ. ಈ ವೆಲ್ಡಿನ ಗ್ರೇನುಗಳೋ, ಅಂದರೆ ಲೋಹದ ಹರಳುಗಳೋ, ದಪ್ಪ, ಉದ್ದ. ಅಷ್ಟು ಚಿಕ್ಕ ತರಂಗ ಅವಕ್ಕೆ ಡಿಕ್ಕಿ ಹೊಡೆದು ಚದುರಿ, ಪರದೆ ತುಂಬ ಗದ್ದಲವೆಬ್ಬಿಸುತ್ತದೆ. 2 ಮೆಗಾಹರ್ಟ್ಸ್‌ಗೆ ಇಳಿಯಿರಿ. ತರಂಗದೂರ 3 ಮಿ.ಮೀ. ಆಗಿ ಗದ್ದಲ ತಗ್ಗುತ್ತದೆ. ತೀರಾ ಸಣ್ಣ ಬಿರುಕೂ ಅದರ ಜೊತೆಗೇ ಮರೆಯಾಗುತ್ತದೆ. ಇದನ್ನು ಈಗಲೇ ಹೇಳಿ; ಬಿಲ್ ಕೊಟ್ಟ ಮೇಲೆ ಹೇಳಿದರೆ ಯಾರಿಗೂ ಕೇಳಿಸುವುದಿಲ್ಲ.

ಹಂತ 3. ಒಂದರ ಬದಲು ಎರಡು ಕ್ರಿಸ್ಟಲ್ ಕೂರಿಸಿ. ಒಂದು ಕೂಗಲಿ, ಇನ್ನೊಂದು ಆಲಿಸಲಿ. ನಡುವೆ ಕಾರ್ಕಿನ ತಡೆಯಿರಲಿ. ಎರಡನ್ನೂ ಪರಸ್ಪರ ತುಸು ವಾಲಿಸಿದರೆ ಅವುಗಳ ದೃಷ್ಟಿ ಒಂದು ಆಳದಲ್ಲಿ ಕೂಡುತ್ತದೆ. ಆ ಆಳದಲ್ಲಿ ಪ್ರೋಬು ಜಾಣ, ಆಚೀಚೆ ಪೆದ್ದು. "ಎಲ್ಲ ಆಳಕ್ಕೂ ಒಂದೇ ಆಗೋದಿಲ್ವಾ?" ಎಂದರೆ ಟೀ ತರಿಸಿ, ಎರಡನೆಯ ಪ್ರೋಬಿನ ಬೆಲೆ ತಿಳಿಸಿ.

ಹಂತ 4. ಕ್ರಿಸ್ಟಲ್‌ಗಳ ಕೆಳಗೆ ಕೂರುವ ಅಕ್ರಿಲಿಕ್ ವೆಜ್ಜಿಗೆ (ಓರೆ ತುಂಡಿಗೆ) 19 ಡಿಗ್ರಿ ಓರೆ ಕೊಟ್ಟರೆ ನೀಳ ತರಂಗ ಉಕ್ಕಿನೊಳಗೆ 45 ಡಿಗ್ರಿಯಲ್ಲಿ ಓಡುತ್ತದೆ. ಇಲ್ಲಿ ಒಂದು ಡಿಗ್ರಿ ತಪ್ಪಿದರೆ ಅಲ್ಲಿ ಸುಮಾರು ಮೂರು ಡಿಗ್ರಿ ತಪ್ಪುತ್ತದೆ. ತಳವನ್ನು ಪೈಪಿನ ದುಂಡಿಗೆ ತಕ್ಕಂತೆ ಮಸೆಯುವಾಗ ಇದು ನೆನಪಿರಲಿ. ಜೆಲ್ ಸವರಿದರೂ ಕೂದಲೆಳೆಯಷ್ಟು ಗಾಳಿ ಉಳಿದರೆ ಸದ್ದು ಬಾಗಿಲಿನಿಂದಲೇ ವಾಪಸ್.

ಹಂತ 5. ಮೈಲ್ಡ್ ಸ್ಟೀಲ್ ಬ್ಲಾಕಿನ ಮೇಲೆ ಪರೀಕ್ಷಿಸಿ. ಫಲಿತಾಂಶ ಸೊಗಸಾಗಿರುತ್ತದೆ, ಫೋಟೊ ತೆಗೆದುಕೊಂಡು ಮರೆತುಬಿಡಿ. ಈಗ ಅದೇ ಲೋಹದ, ಅದೇ ದಪ್ಪದ, ಅದೇ ರೀತಿ ವೆಲ್ಡ್ ಮಾಡಿದ ತುಂಡು ಕೇಳಿ. ಇಲ್ಲವೆಂದರೆ ಸಿಗುವವರೆಗೂ ಕೇಳಿ. ವೆಲ್ಡಿನ ಆಚೆ ಬದಿಯಲ್ಲಿ ಬೇಕೆಂದೇ ಸೀಳು ಕೊರೆಸಿ. ಅದು ಈಚೆಯಿಂದ ಕಂಡರೆ ಮಾತ್ರ ಪ್ರೋಬನ್ನು ಡಬ್ಬಿಗೆ ಹಾಕಿ.

ಗ್ಯಾರಂಟಿ: ಡಬ್ಬಿಯಲ್ಲಿ ಎರಡು ಪಟ್ಟಿ ಇಡಿ. ಒಂದರಲ್ಲಿ ಪ್ರೋಬಿಗೆ ಕಾಣುವುದು, ಇನ್ನೊಂದರಲ್ಲಿ ಕಾಣದಿರುವುದು. ಸೇಲ್ಸ್ ವಿಭಾಗ ಎರಡನೆಯದನ್ನು ತೆಗೆಯಲು ಹೇಳಿದರೆ ಒಪ್ಪಬೇಡಿ. ಪರದೆ ಖಾಲಿ ಕಂಡಾಗ ಪೈಪಿನಲ್ಲಿ ಬಿರುಕಿಲ್ಲವೋ, ಪ್ರೋಬಿಗೆ ಕಾಣಲಿಲ್ಲವೋ ಎಂದು ತೀರ್ಮಾನಿಸಿ ಸಹಿ ಹಾಕುವವರಿಗೆ ಬೇಕಾಗುವುದು ಅದೇ.